ತಲೆಕಟ್ಟಿನ ತಲೆನೋವು

ಮನೆಯಲ್ಲಿ ಗ್ರಾಫಿಕ್ ಡಿಸೈನ್ ಓದುವ ಮಗಳಿದ್ದರೆ ಮದುವೆಮನೆಯಲ್ಲಿ ನೆಮ್ಮದಿಯಾಗಿ ಉಣ್ಣುವಂತಿಲ್ಲ. ಎಲ್ಲರೂ ಲಗ್ನಪತ್ರಿಕೆಯಲ್ಲಿ ಮುಹೂರ್ತ ನೋಡಿದರೆ ನಮ್ಮವಳು ಫಾಂಟ್ ನೋಡುತ್ತಾಳೆ. "ಅಪ್ಪಾ, ವಿಂಡೋಸ್ ಜೊತೆ ಬಿಟ್ಟಿ ಬರೋ ತುಂಗಾ ಹಾಕಿದ್ದಾರೆ!" ಎಂದು, ಹುಡುಗನ ಜಾತಕದಲ್ಲೇ ದೋಷ ಕಂಡವಳಂತೆ ನಿಟ್ಟುಸಿರಿಡುತ್ತಾಳೆ.

ಮೊದಲ ಪ್ರಾಜೆಕ್ಟ್ ಬ್ರ್ಯಾಂಡಿಂಗ್. ಬೀದಿ ಕೊನೆಯ ದರ್ಶಿನಿಗೆ ಲೋಗೊ ಮಾಡಿದಳು: ಬಿಳಿ ಹಾಳೆಯ ನಡುವೆ ಒಂದು ಸೊನ್ನೆ. "ಇದು ಇಡ್ಲಿಯೂ ಹೌದು, ಶೂನ್ಯವೂ ಹೌದು" ಎಂದಳು. ಮಾಲೀಕರು ದಿಟ್ಟಿಸಿ ನೋಡಿ, "ಚಟ್ನಿ ಎಲ್ಲಮ್ಮಾ?" ಎಂದರು.

ಎರಡನೆಯದು ಅಕ್ಷರವಿನ್ಯಾಸ. ಇಂಗ್ಲಿಷಿನಲ್ಲಿ ದೊಡ್ಡದು ಚಿಕ್ಕದು ಸೇರಿ 52 ಅಕ್ಷರ ಬರೆದರೆ ಹೆಚ್ಚುಕಡಿಮೆ ಮುಗಿಯಿತು. ನಮ್ಮಲ್ಲಿ ಕಾಗುಣಿತ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಒತ್ತಕ್ಷರಗಳು ಸರದಿಯಲ್ಲಿ ನಿಂತಿರುತ್ತವೆ. ‘ರಾಷ್ಟ್ರ’ದ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ‘ಕೀರ್ತಿ’ಯ ಗುಡಿಸನ್ನು ಗುದ್ದುತ್ತವೆ. ಸಾಲಿನ ಅಂತರ ಹೆಚ್ಚಿಸಿದರೆ ಜಗಳ ನಿಲ್ಲುತ್ತದೆ, ಪುಟ ಬೆಳೆಯುತ್ತದೆ.

ಬೆಳೆದ ಪುಟವೇ ಮೂರನೆಯ ಪ್ರಾಜೆಕ್ಟಾದ ಪುಸ್ತಕವಿನ್ಯಾಸಕ್ಕೆ ತೊಡರು. ಮುದ್ರಣಾಲಯದವರ ಲೆಕ್ಕವೆಲ್ಲ ಫಾರಮಿನದು. ಸಾಮಾನ್ಯವಾಗಿ ಒಂದಕ್ಕೆ 16 ಪುಟ. ಬರಹ 97ನೇ ಪುಟಕ್ಕೆ ಕಾಲಿಟ್ಟರೆ ಉಳಿದ 15 ಖಾಲಿ. "ಅದು ವೈಟ್ ಸ್ಪೇಸ್ ಅಪ್ಪಾ" ಎಂದಳು. ಕಾಗದದ ಬಿಲ್ಲು ಕಟ್ಟಿದ ಮೇಲೆ ನನ್ನ ಜೇಬಿನಲ್ಲೂ ಅದೇ ತುಂಬಿದೆ.