ಬೆಂಗಳೂರು ಕಾಯುವವರು

ಹುತ್ರಿದುರ್ಗದವರನ್ನು ನಿಮ್ಮದು ಯಾವೂರು ಅಂತ ಕೇಳಿ ನೋಡಿ. ಯಾತಕ್ಕೆ ಕೇಳ್ತಿದ್ದೀರಿ ಅನ್ನುವುದರ ಮೇಲೆ ಉತ್ತರ. ಹೇಮಾವತಿ ನೀರಿನ ಮಾತೋ, ಅಪ್ಪಟ ತುಮಕೂರು ಜಿಲ್ಲೆ. ಜಮೀನು ಮಾರುವ ಮಾತೋ, 'ಬೆಂಗಳೂರಿಂದ ಒಂದೂವರೆ ಗಂಟೆ ಸಾರ್, ಟ್ರಾಫಿಕ್ ಇಲ್ದಿದ್ರೆ.' ಹೆಣ್ಣು ಕೇಳಲು ಹೋದಾಗಲಂತೂ ಹುಡುಗ ಬೆಂಗಳೂರಲ್ಲೇ ಹುಟ್ಟಿ ಬೆಳೆದವನು. ರಾಗಿ ಹೊಲದ ಸುದ್ದಿ ಹೊರಬೀಳುವುದು ಲಗ್ನಪತ್ರಿಕೆ ಅಚ್ಚಾದ ಮೇಲೆ. ತಪ್ಪು ನಮ್ಮದಲ್ಲ. ತಾಲ್ಲೂಕು ಕುಣಿಗಲ್, ಜಿಲ್ಲೆ ತುಮಕೂರು, ಲೋಕಸಭೆ ಓಟಿಗೆ ಮಾತ್ರ ಬೆಂಗಳೂರು ಗ್ರಾಮಾಂತರ. ಸರ್ಕಾರಕ್ಕೇ ಇತ್ಯರ್ಥವಾಗದ್ದನ್ನು ನಾವೆಲ್ಲಿ ಇತ್ಯರ್ಥ ಮಾಡೋಣ?

ಅಭಿಮಾನಕ್ಕೇನೂ ಬರವಿಲ್ಲ. ಕೆಂಪೇಗೌಡರ ನವದುರ್ಗಗಳಲ್ಲಿ ನಮ್ಮದೂ ಒಂದು. ಆ ಒಂಬತ್ತು ಯಾವುವು ಅಂತ ಮಾತ್ರ ಕೇಳಬೇಡಿ. ಒಬ್ಬೊಬ್ಬರದು ಒಂದೊಂದು ಪಟ್ಟಿ, ಹೇಳುವವನ ಊರಿನ ಬೆಟ್ಟ ಎಲ್ಲದರಲ್ಲೂ ಖಾಯಂ. 1791ರ ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದ ಬೆನ್ನಿಗೇ ಈ ಕೋಟೆಯೂ ಕಾರ್ನ್‌ವಾಲಿಸನ ಸೈನ್ಯದ ಪಾಲಾಯಿತು. ಜೂನ್ 27ರ ಜಯಂತಿ ಭಾಷಣದಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ನಮ್ಮ ಲೆಕ್ಕ ಸರಳ: ಕಟ್ಟಿದ ಕೋಟೆ ಕೆಂಪೇಗೌಡರದು, ಸೋತ ಕೋಟೆ ಟಿಪ್ಪುವಿನದು.

2022ರಲ್ಲಿ ವಿಮಾನ ನಿಲ್ದಾಣದ ಹತ್ತಿರ ಗೌಡರ 108 ಅಡಿ ಕಂಚಿನ ಪ್ರತಿಮೆ ನಿಂತಿತು. ಅದಕ್ಕೆಂದು ರಥ ಕಳಿಸಿ ಊರೂರಿನ ಮಣ್ಣು ಒಯ್ದರು. ಒಳ್ಳೆಯದೇ. ಗೌಡರ ಪ್ರತಿಮೆಗೆ ಅಲ್ಲಿ ಹೂವು ಹಾಕುತ್ತಾರೆ, ಗೌಡರ ಗೋಡೆಗೆ ಇಲ್ಲಿ ಲಂಟಾನ ತಾನಾಗಿಯೇ ಹೂವು ಬಿಡುತ್ತದೆ. ಭಾನುವಾರ ಬೆಟ್ಟ ಹತ್ತಲು ಬರುವವರು ಸಂತೆಪೇಟೆಯಲ್ಲಿ ಕಾರು ನಿಲ್ಲಿಸಿ, ಹೆಬ್ಬಾಗಿಲಿಗೆ ಒಂದೊಂದು ಸೆಲ್ಫಿ ಹೊಡೆದುಕೊಂಡು, ಶಂಕರೇಶ್ವರನ ಗುಡಿಯವರೆಗೂ ಹೋಗಿ, ಖಾಲಿ ಬಾಟಲಿಯನ್ನು ಶಿವನಿಗೇ ಒಪ್ಪಿಸಿ ಇಳಿಯುತ್ತಾರೆ.

ಬೆಂಗಳೂರನ್ನು ಕಾಯಲೆಂದು ಕಟ್ಟಿದ ಕೋಟೆ ಇದು ಎನ್ನುತ್ತಾರೆ. ಆ ಕೆಲಸ ನಾವಿನ್ನೂ ಬಿಟ್ಟಿಲ್ಲ. ಬೆಟ್ಟದ ಬುಡದ ಹಟ್ಟಿಯಲ್ಲಿ ಅಗಸೆಮರಕ್ಕೆ ಕಟ್ಟಿದ ತಂತಿಯ ಮೇಲೆ ಅಪ್ಪನ ಪಂಚೆ, ಅಜ್ಜಿಯ ಸೀರೆ, ನಡುವೆ ಒಂದು ನೀಲಿ ಷರಟು. ತೋಳಿಗೆ ಹಳದಿ ದಾರದಲ್ಲಿ 'ಸೆಕ್ಯುರಿಟಿ' ಅಂತ ಹೊಲಿಗೆ. ಮಗ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ. ಊರಿಗೆ ಬಂದರೆ ಮನೆಗೆ ಚಿಲಕ ಹಾಕುವುದನ್ನೂ ಮರೆತು ಮಲಗುತ್ತಾನೆ. ಕಾವಲಿಗೆ ಸಂಬಳ ಕೊಡುವವರು ಅಲ್ಲಿ ತಾನೇ ಇರುವುದು!

ಶತ್ರುಗಳಿಗೂ ಕೊರತೆಯಿಲ್ಲ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಕುಣಿಗಲ್, ಮಾಗಡಿ ಕಡೆಗೆ ನೀರು ತರುತ್ತದಂತೆ ಅಂದದ್ದೇ ತಡ, 2025ರ ಮೇ ಕೊನೆಯಲ್ಲಿ ಗುಬ್ಬಿ ಕಡೆ ಜನ ಬೀದಿಗಿಳಿದರು. ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲ ಎನ್ನಲಾರೆ. ಅವರ ತೋಟಕ್ಕೂ ಅದೇ ನೀರು. ಆದರೆ ಮಾತು ಬೆಳೆದಾಗ ಗುಬ್ಬಿ, ತುಮಕೂರಿನವರು ನಮ್ಮನ್ನು ಬೆಂಗಳೂರಿನ ಕಡೆಯವರು ಅಂದರು, ಬೆಂಗಳೂರಿನವರು ಎಂದಿನಂತೆ ತುಮಕೂರಿನ ಕಡೆಯವರು ಅಂದರು. ರಾಮನಗರದವರು ಜಾಣರು, ಅದೇ ವರ್ಷ ಹೆಸರನ್ನೇ ಬೆಂಗಳೂರು ದಕ್ಷಿಣ ಅಂತ ಮಾಡಿಕೊಂಡು ಕೂತರು. ನಮಗೆ ಉಳಿದದ್ದು ಕುಣಿಗಲ್ ಕೆರೆಯ ಜನಪದ ಹಾಡು. ಹಾಡಿನ ಕೆರೆ ಬತ್ತುವುದಿಲ್ಲ, ಕಾಲುವೆಯೂ ಬೇಡ.

ಈಗ ಮಾಗಡಿ ರಸ್ತೆಯುದ್ದಕ್ಕೂ ಹೊಸ ಬೋರ್ಡು: ಫಾರ್ಮ್ ಪ್ಲಾಟು, ಬೆಟ್ಟದ ನೋಟ, ಸುತ್ತ ಕಾಂಪೌಂಡು, 24 ಗಂಟೆ ಸೆಕ್ಯುರಿಟಿ. ಕೊಳ್ಳುವವರೆಲ್ಲ ಬೆಂಗಳೂರಿನವರು. ಟೀ ಅಂಗಡಿಯಲ್ಲಿ ಪೇಪರು ಮಡಚುತ್ತಿದ್ದ ಯಜಮಾನರೊಬ್ಬರಿಗೆ ಇದನ್ನು ತೋರಿಸಿ, 'ಊರೇ ಹೋಗ್ತಿದೆಯಲ್ಲಣ್ಣ' ಅಂದೆ.

'ಹೋಗ್ಲಿ ಬಿಡಪ್ಪ,' ಅಂದರು, 'ನಮ್ಮ ಹೈದಂಗೆ ಬಸ್ ಚಾರ್ಜು ಉಳೀತದೆ.'