ಗಂಬೂಟು ಪ್ರಕ್ರಿಯೆಯಲ್ಲಿದೆ

ಮಾನ್ಯ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಪಿಡಿಒ ಸಾಹೇಬರಿಗೆ, ಹಾಗೂ ಊರಲ್ಲಿದ್ದರೆ ನಮ್ಮ ವಾರ್ಡಿನ ಸದಸ್ಯರಿಗೆ,

ನಿನ್ನೆ ಸೋಮವಾರ ನಾನು ಪಂಚಾಯಿತಿಗೆ ಬಂದಿದ್ದೆ. ನೀವು ಮೂವರೂ ಇರಲಿಲ್ಲವಾದ್ದರಿಂದ ತಿಳಿಸುತ್ತಿದ್ದೇನೆ. ಬಂದದ್ದು ಸಾಲ ಕೇಳಲಿಕ್ಕಲ್ಲ, ಮನೆ ಕಂದಾಯ ಕಟ್ಟಲಿಕ್ಕೆ. ಹತ್ತೂವರೆಯಿಂದ ಒಂದೂಕಾಲರವರೆಗೆ ಹೊರಗಿನ ಸಿಮೆಂಟು ಬೆಂಚಿನಲ್ಲಿ ಕೂತೆ. ಸರ್ವರ್ ಬರಲಿಲ್ಲ. ಅಡಿಕೆಯ ಕಡೇ ಕೊಯ್ಲಿಗೆ ಅಂತೂ ಇಂತೂ ಸಿಕ್ಕಿದ್ದ ಕೊನೆಗೌಡ ಅತ್ತ ತೋಟದಲ್ಲಿ ಬೀಡಿ ಸೇದುತ್ತಾ ನನ್ನನ್ನು ಕಾಯುತ್ತಿದ್ದ, ಇತ್ತ ನಾನು ಸರ್ವರನ್ನು ಕಾಯುತ್ತಿದ್ದೆ.

ಬೆಂಚಿನ ಎದುರಿಗೇ ನಿಮ್ಮ ಹೊಸ ಫ್ಲೆಕ್ಸ್. ಬೇರೆ ಕೆಲಸವಿರಲಿಲ್ಲ, ನಾಲ್ಕು ಸಲ ಓದಿದೆ. ಮಂಗನ ಕಾಯಿಲೆ ಬಗ್ಗೆ ಜಾಗೃತಿ. ಕಾಡಿಗೆ ಹೋಗುವಾಗ ಮೈಗೆ ಡೇಪಾ ಎಣ್ಣೆ ಹಚ್ಚಿ, ಕಾಲು ಮುಚ್ಚುವ ಬೂಟು ಹಾಕಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ಒಳ್ಳೆಯ ಮಾತು. ಮೇಲೆ ಒಂಬತ್ತು ಮುಖಗಳು ಕೈಮುಗಿದು ನಗುತ್ತಿವೆ. ಕಾಯಿಲೆ ಹರಡುವ ಉಣುಗಿನ ಚಿತ್ರ ಕೆಳಗಡೆ ಮೂಲೆಯಲ್ಲಿ, ಬೊಟ್ಟಿನಷ್ಟು. ಹೊಸಬರು ನೋಡಿದರೆ ಇದರಲ್ಲಿ ರಕ್ತ ಹೀರುವುದು ಯಾವುದು ಎಂದು ಗೊಂದಲವಾದೀತು. ಮುಂದಿನ ಸಲ ಒಂದು ಬಾಣದ ಗುರುತು ಹಾಕಿಸಿ.

ಹೇಗೂ ಬಂದಿದ್ದೇನೆ ಎಂದು ನಮ್ಮೂರ ಆಶಾ ಕಾರ್ಯಕರ್ತೆಯ ವಿಷಯ ಒಳಗೆ ಕೇಳಿದೆ: "ಆಶಕ್ಕನಿಗೆ ಗಂಬೂಟು ಬಂತೇ?" ಕಂಪ್ಯೂಟರಿನ ಹುಡುಗ ತಲೆ ಎತ್ತಲಿಲ್ಲ. "ಪ್ರಕ್ರಿಯೆಯಲ್ಲಿದೆ" ಎಂದ.

ಡಿಸೆಂಬರಿನಲ್ಲಿ ಕೇಳಿದಾಗಲೂ ಪ್ರಕ್ರಿಯೆಯಲ್ಲಿತ್ತು. ಸಂಕ್ರಾಂತಿಗೂ ಪ್ರಕ್ರಿಯೆಯಲ್ಲಿತ್ತು. ಈಗ ಫೆಬ್ರವರಿ. ನನಗನಿಸುವುದು, ಆ ಗಂಬೂಟು ಬೆಂಗಳೂರಿನಿಂದ ನಡೆದುಕೊಂಡೇ ಬರುತ್ತಿದೆ. ನಡೆಯಲಿ ಪಾಪ, ಅದರ ಕುಲಕಸುಬೇ ಅದು.

ಉಣುಗು ಮಾತ್ರ ಯಾವ ಪ್ರಕ್ರಿಯೆಗೂ ಕಾಯುವುದಿಲ್ಲ. ಡಿಸೆಂಬರಿನಿಂದ ಮೇ ತನಕ ಅದರ ಸುಗ್ಗಿ. ಸಾಸಿವೆಗಿಂತ ಸಣ್ಣ ಮರಿ, ದರಕಿನಲ್ಲಿ ಕೂತಿರುತ್ತದೆ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ವಾರದೊಳಗೆ ಸುಡು ಜ್ವರ, ತಲೆಸಿಡಿತ, ಕೆಲವರಿಗೆ ವಸಡಿನಲ್ಲಿ ರಕ್ತ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ. ಊರಿನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು, ಮದ್ದು ಮಾತ್ರ ಇವತ್ತಿಗೂ ಇಲ್ಲ. ಇದ್ದೊಂದು ಲಸಿಕೆಯನ್ನೂ ನಾಟುವುದಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಉಳಿದದ್ದು ಎಣ್ಣೆ, ಬೂಟು ಮತ್ತು ಮನೆಮನೆಗೆ ಹೋಗಿ "ಜ್ವರ ಉಂಟಾ ಅಕ್ಕಾ?" ಎಂದು ಕೇಳುವ ಒಬ್ಬ ಹೆಂಗಸು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಜ್ವರಕ್ಕೆ ಎಷ್ಟು ಜನ ಸತ್ತರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೀವೂ ಸಾಗರದ ಪೇಟೆಗೆ ಹೋಗುವವರೇ.

ಮನೆಮನೆಗೆ ಹೋಗುವ ಆ ಹೆಂಗಸು, ನಮ್ಮ ಆಶಕ್ಕ, ಹಾಕಿಕೊಳ್ಳುವುದು ಹವಾಯಿ ಚಪ್ಪಲಿ. ಎಡಗಾಲಿನದರ ಉಂಗುಷ್ಠಕ್ಕೆ ಪಿನ್ನು ಚುಚ್ಚಿದ್ದಾಳೆ. ಮೇಲಿನಕೇರಿಗೆ ಹೋಗಲು ಅರ್ಧ ಮೈಲಿ ಕಾನಿನ ಒಳದಾರಿ. ಚೀಲದ ತುಂಬ ಎಣ್ಣೆ ಬಾಟಲಿ. ಎಲ್ಲರಿಗೂ ಹಂಚಿ ಮುಗಿಸುವಾಗ ಅವಳಿಗೇ ಬಾಟಲಿ ಉಳಿದಿರುವುದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ನಾಲ್ಕು ದಿನ ಧರಣಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುತ್ತೇವೆ ಎಂಬ ಮಾತು ಪಡೆದು ಬಂದಿದ್ದಾಳೆ. ಮಾರನೇ ದಿನವೇ ಮೇಲಿನಕೇರಿಗೆ ಹತ್ತಿದಳು. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಧನ ಕಮ್ಮಿಯಾದಷ್ಟೂ ಗೌರವ ಜಾಸ್ತಿ ಎಂದು ಲೆಕ್ಕ. ಕೊರೋನಾ ಬಂದಾಗ 2020ರ ಮಾರ್ಚ್ 22ರ ಸಂಜೆ ನಾವೆಲ್ಲ ಅಂಗಳದಲ್ಲಿ ನಿಂತು ತಟ್ಟೆ ಬಡಿದದ್ದೂ ಅವಳಿಗಾಗಿಯೇ. ನಮ್ಮ ಮನೆಯ ತಟ್ಟೆ ನಗ್ಗಿದ್ದು ಹಾಗೇ ಇದೆ, ಬೇಕಾದರೆ ಬಂದು ನೋಡಿ.

ಅವಳ ಗಂಬೂಟಿನ ಕಥೆ ಹೀಗೆ. ಪಿಡಿಒ ಸಾಹೇಬರು "ಆಶಾ ನಮ್ಮ ಸಿಬ್ಬಂದಿಯಲ್ಲ, ಆರೋಗ್ಯ ಇಲಾಖೆಯವರನ್ನು ಕೇಳಿ" ಎಂದರು. ಆಸ್ಪತ್ರೆಯವರು "ಎಣ್ಣೆ ನಮ್ಮದು, ಬೂಟು ಪಂಚಾಯಿತಿಯದು" ಎಂದರು. ಅಂದರೆ ಮೊಣಕಾಲಿನ ಮೇಲೆ ಒಂದು ಇಲಾಖೆ, ಕೆಳಗೆ ಇನ್ನೊಂದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದೊಂದಿದೆ. ವರ್ಷಕ್ಕೆ 10,000 ರೂಪಾಯಿ ಮುಕ್ತನಿಧಿ ಇಂಥದ್ದಕ್ಕೆಂದೇ ಇರುವುದು. ಅದಕ್ಕೆ ಕಾರ್ಯದರ್ಶಿ ಆಶಕ್ಕನೇ! ತನ್ನ ಬೂಟು ತಾನೇ ತಗೊಳ್ಳಬಹುದಲ್ಲ ಎಂದರೆ, ಚೆಕ್ಕಿಗೆ ವಾರ್ಡಿನ ಸದಸ್ಯರ ಸಹಿಯೂ ಬೇಕಂತೆ. ಸದಸ್ಯರು ಮಗಳ ಮನೆಗೆ ಹೋಗಿದ್ದಾರೆ. ದಾರಿಯಲ್ಲೆಲ್ಲಾದರೂ ನಮ್ಮ ಗಂಬೂಟು ಎದುರಾದರೆ ಜೊತೆಗೆ ಕರೆದುಕೊಂಡು ಬರಲಿ.

ಜನವರಿ ಕೊನೆಯಲ್ಲಿ ನಮ್ಮ ಬೇಣದಾಚೆ ಮಂಗ ಸತ್ತುಬಿತ್ತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದು ಸಾಯುವಾಗ ಸ್ವಲ್ಪ ಅವಿವೇಕ ಮಾಡಿತು. ಬಾಲ ಅರಣ್ಯ ಇಲಾಖೆಯ ಅಗಳದ ಆಚೆ, ತಲೆ ಕಂದಾಯ ಭೂಮಿಯಲ್ಲಿ. ಗಾರ್ಡು ಬಂದು ಬಾಲ ನೋಡಿ ಹೋದ. ನಿಮ್ಮವರು ತಲೆ ನೋಡಿ ಹೋದರು. ಪಶುವೈದ್ಯರು ಬರುವಾಗ ಎರಡು ದಿನವಾಗಿತ್ತು. ಸತ್ತ ಮಂಗ ತಣ್ಣಗಾದ ಕೂಡಲೇ ಅದರ ಮೈಯ ಉಣುಗು ಇಳಿದು ಬೇರೆ ಮೈ ಹುಡುಕುತ್ತದೆ; ಇದು ಇಲ್ಲಿನ ಮಕ್ಕಳಿಗೂ ಗೊತ್ತು.

ಕಡೆಗೆ ಸುತ್ತಲೂ ಐವತ್ತು ಮೀಟರ್ ಮೆಲಾಥಿಯಾನ್ ಪುಡಿ ಎರಚಿದ್ದು ಯಾರು? ಬೆಳಿಗ್ಗೆ ನಮಗೆ ನೀರು ಬಿಡುವ ನೀರುಗಂಟಿ. ಅವನಂತೂ ನಿಮ್ಮದೇ ಸಿಬ್ಬಂದಿ, ಅಲ್ಲವೋ? ನಾನು ಬೇಲಿಯಲ್ಲಿ ನಿಂತು ನೋಡಿದ್ದೇನೆ. ಎರಡೂ ಕೈಗೆ ಅಂಗಡಿಯ ಪ್ಲಾಸ್ಟಿಕ್ ಕೊಟ್ಟೆ ಹಾಕಿ, ಮಣಿಕಟ್ಟಿಗೆ ಬಾಳೆನಾರು ಬಿಗಿದುಕೊಂಡಿದ್ದ. ಹೆಂಡತಿಯ ಹಳೇ ವೇಲನ್ನು ಮೂಗಿಗೆ ಸುತ್ತಿದ್ದ. ಕಾಲು ಬರಿಗಾಲು. ಚಪ್ಪಲಿ ಯಾಕೆ ಬಿಟ್ಟೆ ಮಾರಾಯ ಎಂದರೆ, "ಪುಡಿ ಹಿಡಿದು ಹಾಳಾಗ್ತದೆ ಹೆಗಡೇರೆ, ಇದೊಂದೇ ಇರೂದು" ಎಂದ.

ಅಷ್ಟು ಹೊತ್ತಿನ ತನಕ ನನಗೂ ಇದೆಲ್ಲ ನಗೆಯಾಗಿಯೇ ಇತ್ತು, ಸ್ವಾಮೀ. ಫ್ಲೆಕ್ಸಿಗೆ ಠರಾವು ಬೇಕಾಗಲಿಲ್ಲ. ಕೊಟೇಶನ್ ಬೇಕಾಗಲಿಲ್ಲ. ಬೆಳಿಗ್ಗೆ ಹೇಳಿ ಸಂಜೆಗೆ ಕಟ್ಟಿಸಿದಿರಿ. ಚಪ್ಪಲಿ ಹಾಳಾದೀತೆಂದು ಒಬ್ಬ ವಿಷದ ಪುಡಿಯ ಮೇಲೆ ಬರಿಗಾಲಲ್ಲಿ ನಡೆಯುತ್ತಾನೆ. ನಿಮಗೆ ನಾಚಿಕೆ ಆಗುವುದಿಲ್ಲವೇ? ನನಗಾಯಿತು. ಅವತ್ತು ಮನೆಗೆ ಬಂದು ಊಟಕ್ಕೆ ಕೂತವನು ಎದ್ದೆ.

ಆದ್ದರಿಂದ ನಿನ್ನೆ ನಿಮ್ಮ ಬೆಂಚಿನಿಂದ ಎದ್ದವನು ಸೀದಾ ಪೇಟೆಯ ಗೊಬ್ಬರದಂಗಡಿಗೆ ಹೋದೆ. ಅಲ್ಲಿ ಗಂಬೂಟು ಪ್ರಕ್ರಿಯೆಯಲ್ಲಿರಲಿಲ್ಲ, ಮೊಳೆಗೆ ನೇತುಹಾಕಿದ್ದರು. ಒಂದು ಜೊತೆಗೆ 400 ರೂಪಾಯಿ. ಎರಡು ಜೊತೆ ತಂದೆ. ಆಶಕ್ಕನ ಕಾಲಿಗೆ ದೊಡ್ಡದಾಗಿದೆ, ಒಳಗೆ ಬಟ್ಟೆ ತುರುಕಿಕೊಂಡು ಇವತ್ತು ಮೇಲಿನಕೇರಿಗೆ ಹೋದಳು. ಬಾತುಕೋಳಿಯಂತೆ ನಡೆಯುತ್ತಾಳೆ, ಆದರೆ ನಡೆಯುತ್ತಾಳೆ. ನೀರುಗಂಟಿ ಹಾಕಿಕೊಂಡು ತನ್ನ ಮಗನಿಗೆ ಫೋಟೊ ಕಳಿಸಿದ.

ನನ್ನ ಈ ವರ್ಷದ ಮನೆ ಕಂದಾಯ 760 ರೂಪಾಯಿ. ಗಂಬೂಟಿನದು 800. ಅಂಗಡಿಯ ರಸೀದಿ ಈ ಪತ್ರಕ್ಕೆ ಪಿನ್ನು ಮಾಡಿದ್ದೇನೆ. ಸರ್ವರ್ ಬಂದ ದಿನ ಕಂದಾಯಕ್ಕೆ ವಜಾ ಹಾಕಿಕೊಂಡು, ನನಗೆ ಬರಬೇಕಾದ 40 ರೂಪಾಯಿಯನ್ನು ಅದೇ ಸಿಮೆಂಟು ಬೆಂಚಿನ ಮೇಲೆ ಇಟ್ಟಿರಿ. ನೀವು ಇಲ್ಲದಿದ್ದರೂ ನಡೆಯುತ್ತದೆ, ನಾನೇ ಎತ್ತಿಕೊಂಡು ಹೋಗುತ್ತೇನೆ.

ಇತಿ,
ಮನೆ ಕಂದಾಯ ಬಾಕಿ ಇಟ್ಟುಕೊಂಡ ನಿಮ್ಮ ಒಬ್ಬ ಗ್ರಾಮಸ್ಥ