ಹಿಂತೆಗೆತ ಮೀಮಾಂಸೆ: ಒಂದು ಬಹುಆಯಾಮಿ ಪರಿಪ್ರೇಕ್ಷ್ಯ

ಪ್ರಸ್ತುತ ಸಂಪ್ರಬಂಧದ ಪರಿಕಲ್ಪನಾತ್ಮಕ ಚೌಕಟ್ಟಿನ ಪರಿಧಿಯೊಳಗೆ, ಆಡಿದ್ದನ್ನು ಆಡಿಲ್ಲವಾಗಿಸುವ ಪ್ರಕ್ರಿಯೆಯ ತಾತ್ವಿಕ ನೆಲೆಗಟ್ಟನ್ನು ಶೋಧಿಸುವ ವಿನಮ್ರ ಪ್ರಯತ್ನವನ್ನು ಮಾಡಲಾಗಿದೆ. (ಮಾಡಿದವರು ಯಾರೆಂದು ಸಂಪ್ರಬಂಧಗಳಲ್ಲಿ ಹೇಳುವ ಪದ್ಧತಿಯಿಲ್ಲ.) ಸದರಿ ಪ್ರಕ್ರಿಯೆಯು ಐದು ವಿಧ: ಅಂಚೆಪೂರ್ವ, ಸಾನುಮತಿಕ, ವಿಷಾದಪೂರ್ವಕ, ಸರ್ಕಾರಿ ಹಾಗೂ ಪ್ರತಿಕೂಲ.

ಅಂಚೆಪೂರ್ವಕ್ಕೆ 1872ರ ಕರಾರು ಕಾಯ್ದೆಯ 5ನೇ ಕಲಮೇ ಆಧಾರ. 'ಎ' ಎಂಬುವನು ಮನೆ ಮಾರುತ್ತೇನೆಂದು 'ಬಿ'ಗೆ ಕಾಗದ ಬರೆಯುತ್ತಾನೆ. 'ಬಿ' ತನ್ನ ಒಪ್ಪಿಗೆಯನ್ನು ಅಂಚೆಗೆ ಹಾಕುವ ಕ್ಷಣದವರೆಗೆ 'ಎ' ಮಾತು ಹಿಂಪಡೆಯಬಹುದು, ಆಮೇಲೆ ಆಗದು. 'ಬಿ'ಯಾದರೋ ತನ್ನ ಕಾಗದ 'ಎ'ಯ ಕೈಸೇರುವವರೆಗೂ ಮನಸ್ಸು ಬದಲಿಸಬಹುದು. ಅಂಚೆಯಣ್ಣ ದಾರಿಯಲ್ಲಿರುವಷ್ಟು ಹೊತ್ತು ಒಬ್ಬನಿಗೆ ಬಂಧನ, ಇನ್ನೊಬ್ಬನಿಗೆ ಬಿಡುಗಡೆ. 150 ವರ್ಷ ದಾಟಿದರೂ ಈ ಮನೆ ಸಬ್‌ರಿಜಿಸ್ಟ್ರಾರ್ ಕಚೇರಿ ತಲುಪದಿರುವುದು ಪ್ರತ್ಯೇಕ ಸಂಶೋಧನೆಗೆ ಅರ್ಹ.

ಸಾನುಮತಿಕವು ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದಲ್ಲಿದೆ. ಹೂಡಿದ ದಾವೆಯನ್ನು ಯಾವಾಗ ಬೇಕಾದರೂ ಕೈಬಿಡಬಹುದು. ಕೋರ್ಟಿನ ಅನುಮತಿ ಪಡೆಯದೆ ಬಿಟ್ಟರೆ ಅದೇ ವಿಷಯಕ್ಕೆ ಮತ್ತೆ ಹೂಡುವಂತಿಲ್ಲ.

ವಿಷಾದಪೂರ್ವಕವು ಜನಪ್ರತಿನಿಧಿಗಳ ಪಿತ್ರಾರ್ಜಿತ. ನಾನು ಹಾಗೆ ಹೇಳಿಯೇ ಇಲ್ಲ, ಹೇಳಿದ್ದನ್ನು ತಿರುಚಲಾಗಿದೆ, ಆದಾಗ್ಯೂ ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ. ಹೇಳದ ಮಾತನ್ನೇ ವಾಪಸ್ ಪಡೆಯುವ ಇಂಥ ಅದ್ವೈತ ಶೃಂಗೇರಿಯಲ್ಲೂ ಸಿಗದು. ಸದನದಲ್ಲಿ ಆಡಿದ್ದಾದರೆ ಕಡತದಿಂದ ತೆಗೆಸಿದರಾಯಿತು. ಅಷ್ಟರಲ್ಲಿ ಅದು ಊರಿನವರ ಮೊಬೈಲುಗಳಲ್ಲೆಲ್ಲ ಓಡಾಡಿರುತ್ತದೆ, ಆ ಮಾತು ಬೇರೆ.

ಐದು ವಿಧವೆಂಬ ಮೇಲ್ಕಾಣಿಸಿದ ಹೇಳಿಕೆಯನ್ನು ಈ ಮೂಲಕ ಹಿಂಪಡೆಯಲಾಗಿದೆ. ಸರ್ಕಾರಗಳು ತಮ್ಮವರ ಮೇಲಿನ ಕೇಸು ಕೈಬಿಡುವುದರಲ್ಲಿ ಮೀಮಾಂಸೆಗೆ ಏನೂ ಇಲ್ಲ. ಸರ್ಕಾರ ಬದಲಾದರೆ ಪಟ್ಟಿಯ ಹೆಸರುಗಳು ಬದಲಾಗುತ್ತವೆ, ಅಷ್ಟೆ.

ಉಳಿದದ್ದು ಪ್ರತಿಕೂಲ ಸಾಕ್ಷಿ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಕೂಡದೆಂದು ಕಾನೂನೇ ಹೇಳುತ್ತದೆ. ಹಾಗಾಗಿ ಕಟಕಟೆ ಹತ್ತಿ 'ನಾನು ಹಾಗೆ ಹೇಳಿಲ್ಲ' ಎಂದರೆ ಆ ಹೇಳಿಕೆಯ ಕತೆ ಹೆಚ್ಚುಕಡಿಮೆ ಮುಗಿದಂತೆ. ಪಬ್ಲಿಕ್ ಪ್ರಾಸಿಕ್ಯೂಟರು ಅನುಮತಿ ಬೇಡಿ, ತಾವೇ ಕರೆತಂದ ಸಾಕ್ಷಿಯನ್ನು ಪಾಟಿಸವಾಲಿಗೆ ಎಳೆಯುತ್ತಾರೆ. ಟೈಪಾಗುವ ಸಾಲು ಎಲ್ಲ ಕೋರ್ಟುಗಳಲ್ಲೂ ಹೆಚ್ಚುಕಡಿಮೆ ಒಂದೇ: ಆರೋಪಿಗಳೊಂದಿಗೆ ರಾಜಿಯಾಗಿ ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟುಹಾಕಲಾಯಿತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸುಟ್ಟವರು ಯಾರೆಂದು ಹೇಳುವ ಪದ್ಧತಿ ಇಲ್ಲೂ ಇಲ್ಲ.

ಮನೆ ಮಾರುವ 'ಎ'ಗಾಗಿ ಅಂಚೆಪೆಟ್ಟಿಗೆಯ ಬಾಯಿಯವರೆಗೂ ಗಳಿಗೆ ಎಣಿಸಿಟ್ಟಿದೆ ಕಾನೂನು. ನಾಳೆ ಬೆಳಗ್ಗೆ ಆರೋಪಿಗಳದೇ ಹೊಲಕ್ಕೆ ಕೂಲಿಗೆ ಹೋಗಬೇಕಾದವನು, ಅವರ ಓಣಿ ದಾಟಿಯೇ ಮಗಳನ್ನು ಶಾಲೆಗೆ ಕಳಿಸಬೇಕಾದವಳು ನುಂಗಿದ ಮಾತಿಗೆ ಮಾತ್ರ 'ಪ್ರತಿಕೂಲ' ಎಂದು ಷರಾ ಬರೆದು ಕೈತೊಳೆದುಕೊಳ್ಳುತ್ತದೆ. ಯಾರಿಗೆ ಪ್ರತಿಕೂಲ ಸ್ವಾಮಿ? ಮಾತು ಸಾಕ್ಷಿಯದು, ಸರಿ. ಹಿಂತೆಗೆಸಿದ ಕೈ ಯಾರದು?

ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ರಕ್ಷಣೆ ಬೇಕೆಂದರೆ ಅರ್ಜಿ ಹಾಕಬೇಕು. ಅರ್ಜಿ ಹಿಡಿದು ಊರಿಂದ ಹೊರಡುವ ಒಂದೇ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರು ಬಂದು ಕೂರುತ್ತಾರೆಂಬುದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.